ಬಣ್ಣದ ಮೇಲಿನ ಕ್ಲಿಪ್ಪು

ಮೂವತ್ತೊಂದು ವರ್ಷ ವಿಮಾನಗಳಿಗೆ ಪೆಟ್ರೋಲು ತುಂಬಿಸಿದ್ದೇನೆ, ಒಂದೇ ಒಂದು ಕಿಡಿ ಹಾರಿಸಿಲ್ಲ. ಉತ್ತರ ಮ್ಯಾನಿಟೋಬದ ನಮ್ಮ ಹಿಮದ ರನ್‌ವೇಗೆ ಬಂದ ಪ್ರತಿ ಪೈಲಟ್ಟಿಗೂ ಇದನ್ನು ಹೇಳದೆ ಕಳಿಸುತ್ತಿರಲಿಲ್ಲ. ಜಂಬ ಅಂದರೆ ಅನ್ನಲಿ.

ನಾನು ನಿವೃತ್ತನಾಗುವ ತಿಂಗಳು ಕಂಪನಿಯವರು ಕೇಳಿದರು: "ಟ್ಯಾಂಕರ್ ಕೀಲಿ ನಿಮ್ಮ ಸೊಸೆ ಲಾರಿಸಾಗೆ ಕೊಡಬಹುದಾ? ನೀವು ಹೂಂ ಅಂದ್ರೆ ಕೆಲಸ ಅವಳದು." ನಾನು ಊಹೂಂ ಅನ್ನುವುದೆಂದು ನಿರ್ಧರಿಸಿಬಿಟ್ಟಿದ್ದೆ. ವಿನಿಪೆಗ್‌ನಲ್ಲಿ ಹೆಂಗಸರ ಕೂದಲು ಕತ್ತರಿಸುತ್ತಿದ್ದವಳಿಗೆ ಟ್ಯಾಂಕರೇ? ಅವಳಿಗೋ ಈ ಕೆಲಸ ಬೇಕೇ ಬೇಕು.

ಆದರೂ ಕಲಿಸುವುದರಲ್ಲಿ ಮೋಸ ಮಾಡಲಿಲ್ಲ.

"ಪೆಟ್ರೋಲು ಪೈಪಲ್ಲಿ ಉಜ್ಜಿಕೊಂಡು ಹರಿಯುತ್ತಲ್ಲ, ಆಗ ಒಂದು ಕಡೆ ಚಾರ್ಜು ಹೆಚ್ಚಾಗುತ್ತೆ, ಇನ್ನೊಂದು ಕಡೆ ಕಡಿಮೆ. ಸಮ ಮಾಡ್ಕೊಳ್ಳೋಕೆ ಹಾರುತ್ತೆ. ಅದೇ ಕಿಡಿ."

"ಗೊತ್ತು ಮಾವ. ಚಳಿಗಾಲದಲ್ಲಿ ತಲೆ ಬಾಚಿದ್ರೆ ಕೂದಲೆಲ್ಲ ಎದ್ದು ನಿಲ್ಲುತ್ತಲ್ಲ? ಎಲ್ಲದಕ್ಕೂ ಒಂದೇ ಥರದ ಚಾರ್ಜು, ಅದಕ್ಕೇ ಒಂದನ್ನೊಂದು ತಳ್ಳುತ್ತೆ. ಬಾಚಣಿಗೇದು ಬೇರೆ ಥರ, ಅದಕ್ಕೆ ಅಂಟ್ಕೊಳ್ಳುತ್ತೆ."

"ನಿನ್ನ ಪಾರ್ಲರ್ ಪಾಠ ಸಾಕು. ಟ್ಯಾಂಕರಿಂದ ವಿಮಾನಕ್ಕೆ ಮೊದಲು ತಂತಿ ಹಾಕು, ಚಾರ್ಜು ಹಾರದೆ ಅದರಲ್ಲೇ ಹರಿದು ಸಮ ಆಗುತ್ತೆ. ನೀನೂ ಮೊದಲು ಲೋಹ ಮುಟ್ಟು. ಆಮೇಲೆ ಮಿಕ್ಕಿದ್ದು."

ಆ ಗುರುವಾರ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಒಣ ಚಳಿ. ಪೈಲಟ್ ಕ್ಲೈಡ್ ಇಳಿದವನೇ ಕೂಗಾಡತೊಡಗಿದ.

"ಲೇ ನೆಸ್ಟರ್, ಮುದುಕ ಆಗ್ಬಿಟ್ಯಲ್ಲೋ! ಬೆಳಕು ಹೋಗುತ್ತೆ, ಬೇಗ ತುಂಬ್ಸು!"

ಮುದುಕ ಅಂದದ್ದು ಚುಚ್ಚಿತು. ತಂತಿ ಎಳೆದು, ವಿಮಾನದ ಚಕ್ರದ ಕಾಲಿನಲ್ಲಿ ನಾನು ಯಾವಾಗಲೂ ತಂತಿ ಹಾಕುತ್ತಿದ್ದ ಅದೇ ಹಳೇ ಲೋಹದ ಬಳೆಗೆ ಕ್ಲಿಪ್ಪು ಕಚ್ಚಿಸಿ, ಪೈಪು ಹಿಡಿದು ಏಣಿ ಹತ್ತಿದೆ. ರೆಕ್ಕೆಯ ಮೇಲಿನ ಪೆಟ್ರೋಲು ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಕೆಳಗಿಂದ ಲಾರಿಸಾ ಕೂಗಿದಳು.

"ಮಾವ, ತೆಗೀಬೇಡಿ!"

ಕ್ಲೈಡ್ ನಕ್ಕ. "ನೋಡಪ್ಪಾ, ಸೊಸೆ ಮಾವನಿಗೇ ಪಾಠ ಹೇಳ್ತಾಳೆ!"

ನನಗೆ ಮೈಯೆಲ್ಲ ಉರಿಯಿತು. "ಏನಮ್ಮ ನಿಂದು?"

"ಕ್ಲಿಪ್ಪು ಬಣ್ಣದ ಮೇಲಿದೆ."

ಬಗ್ಗಿ ನೋಡಿದೆ. ಕ್ಲೈಡ್ ವಿಮಾನಕ್ಕೆ ಹೊಸದಾಗಿ ಕೆಂಪು ಬಣ್ಣ ಬಳಿಸಿದ್ದ, ಬಳೆಗೂ ಸೇರಿಸಿ. ಕ್ಲಿಪ್ಪಿನ ಹಲ್ಲು ಬಣ್ಣವನ್ನು ಕಚ್ಚಿತ್ತು, ಲೋಹವನ್ನಲ್ಲ. ಬಣ್ಣದ ಮೂಲಕ ಚಾರ್ಜು ಹರಿಯುವುದಿಲ್ಲ. ನನ್ನ ತಂತಿ ಬಟ್ಟೆ ಒಣಗಿಸುವುದಕ್ಕಷ್ಟೇ ಲಾಯಕ್ಕಾಗಿತ್ತು.

"ಒಂದ್ಸಲಕ್ಕೆ ಏನೂ ಆಗಲ್ಲ, ಪಂಪ್ ಹಾಕಮ್ಮ," ಎಂದ ಕ್ಲೈಡ್.

ಲಾರಿಸಾ ಪಂಪಿನ ಸ್ವಿಚ್ಚಿಗೆ ಅಡ್ಡ ನಿಂತಳು. "ಲೋಹ ಸಿಗೋವರೆಗೂ ಹಾಕಲ್ಲ. ಕತ್ತಲಾದ್ರೆ ಇಲ್ಲೇ ಉಳ್ಕೊಳ್ಳಿ. ಬೀಟ್‌ರೂಟ್ ಸಾರಿದೆ, ಉಂಡು ಮಲಗಿ."

ನಾನು ಪೈಪು ಹಿಡಿದೇ ಇಳಿದೆ. ಅವಳು ಬಣ್ಣ ತಾಗದ ಬೋಲ್ಟೊಂದನ್ನು ಹುಡುಕಿ, ಕ್ಲಿಪ್ಪು ಹಾಕಿ, ಅಲ್ಲಾಡಿಸಿ ನೋಡಿ, ತಾನೇ ಏಣಿ ಹತ್ತಿ ತುಂಬಿಸಿದಳು. ನಾನು ಏಣಿ ಹಿಡಿದುಕೊಂಡಿದ್ದೆ.

"ಚೆನ್ನಾಗೇ ಕಲಿಸಿದ್ದೀಯ ಕಣೋ," ಎಂದ ಕ್ಲೈಡ್, ಹೊರಡುವಾಗ.

ಸುಮ್ಮನೆ ಹೂಂ ಅನ್ನಬಹುದಿತ್ತು. "ಇವತ್ತು ಕಲಿತಿದ್ದು ನಾನು," ಎಂದೆ.

ಶೆಡ್ಡಿನೊಳಗೆ ಬಂದು ಉಣ್ಣೆ ಕೋಟು ಕಳಚಿ, ಕಾರ್ಪೆಟ್ಟಿನ ಮೇಲೆ ಕಾಲೆಳೆಯುತ್ತ ಹೋಗಿ, ಅವಳ ಮುಂದೆ ಟ್ಯಾಂಕರಿನ ಕೀಲಿ ಚಾಚಿದೆ. ನಾಚಿಕೆಯೂ ಆಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಿಂದ ಎದೆ ತುಂಬಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ಹಿಂದಕ್ಕೆಳೆದುಕೊಂಡಳು.

"ಮೊದಲು ಲೋಹ ಮುಟ್ಟಿ, ಮಾವ."

ಬಾಗಿಲ ಹಿಡಿ ಮುಟ್ಟಿದೆ. ಚಟ್ ಅಂತು. ಅವಳು ನಗುತ್ತಾ ಕೀಲಿ ತೆಗೆದುಕೊಂಡಳು.

ಈಗ ಪೈಲಟ್ಟುಗಳಿಗೆ ಬೇರೆ ಮಾತು ಹೇಳುತ್ತೇನೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಿಡಿ ಹಾರಿಸಿದ್ದೇನೆ, ಅದೂ ಬಾಗಿಲ ಹಿಡಿಯ ಮೇಲೆ, ನನ್ನ ಸೊಸೆ ಹೇಳಿದ್ದಕ್ಕೆ.