ಸರದಿಯಿಲ್ಲದ ಮಂಗಳವಾರ

ಬೆಳಿಗ್ಗೆ ಆರು ಇಪ್ಪತ್ತಕ್ಕೆ ಚಕ್ರಪಾಣಿಯವರು ಖಾಲಿ ಕಾಫಿ ಲೋಟವನ್ನು ಕೆಳಗಿಟ್ಟರು. ಆರು ಇಪ್ಪತ್ತೈದಕ್ಕೆ ಅವರ ಉಸಿರು ನಿಂತಿತ್ತು. ಏಳು ಹತ್ತಕ್ಕೆ ಡಾಕ್ಟರು ಬಂದು ಹೋದರು. ಎಂಟರ ನಂತರ ನೆಂಟರು ಬರತೊಡಗಿದರು. ಸುಮನಹಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಹನ್ನೆರಡೂವರೆಗೆ ಸಮಯ ಸಿಕ್ಕಿತು. ಒಂಬತ್ತು ನಲವತ್ತಕ್ಕೆ ಮಗಳು ದೀಪ್ತಿ ಅಂಗಳದ ನೀರಿನ ಸಂಪಿನ ಮುಚ್ಚಳ ಸರಿಸಿ, ಅಪ್ಪ ಗುರುತು ಕೊರೆದಿದ್ದ ಬಿದಿರಿನ ಕೋಲನ್ನು ಒಳಗಿಳಿಸಿದಳು.

"ಎಷ್ಟಿದೆಯೇ?" ಎದುರುಮನೆಯ ಕೋಕಿಲಾ ಕೇಳಿದರು.

"ಹನ್ನೊಂದು ಸೆಂಟಿಮೀಟರ್, ಆಂಟಿ."

"ಅದೆಲ್ಲ ನಿಮ್ಮಪ್ಪಂಗೆ ಹೇಳು. ನಂಗೆ ಎಷ್ಟು ಜನ ಸ್ನಾನ ಮಾಡ್ಬೋದು ಹೇಳು."

"ಏಳು ಜನ. ಅಪ್ಪನ್ನೂ ಸೇರಿಸಿ."

ಬಸವೇಶ್ವರನಗರದ ಆ ಬೀದಿಗೆ ನೀರು ಬರುತ್ತಿದ್ದದ್ದು ಸೋಮವಾರ, ಬುಧವಾರ ಮತ್ತು ಶುಕ್ರವಾರ. ಅಂದು ಮಂಗಳವಾರ, ಮಾರ್ಚ್ ಹತ್ತು, ೨೦೦೯. ಹಿಂದಿನ ದಿನ ಬಂದದ್ದು ನಲವತ್ತೇ ನಿಮಿಷ. ಚಿತಾಗಾರಕ್ಕೆ ಹೊರಡಲು ಸಿದ್ಧರಾದವರು ನಲವತ್ತಾರು ಮಂದಿ. ಹಿಂತಿರುಗಿದ ಮೇಲೆ ಸ್ನಾನ ಮಾಡದೆ ಅವರಾರೂ ಹೊಸ್ತಿಲು ದಾಟುವಂತಿರಲಿಲ್ಲ.

"ಟ್ಯಾಂಕರ್ ಹೇಳಿಬಿಡ್ಲಾ ದೊಡ್ಡಮ್ಮ?" ಕರ್ಮ ಮಾಡಬೇಕಿದ್ದ, ಚಕ್ರಪಾಣಿಯವರ ತಮ್ಮನ ಮಗ ಸುಘೋಷ್ ಕೇಳಿದ.

ಗಂಡನ ತಲೆಯ ಬಳಿ ಕುಳಿತಿದ್ದ ಪುಟ್ಟಲಕ್ಷ್ಮಿ ಕಣ್ಣೊರೆಸಿಕೊಂಡರು. "ಟ್ಯಾಂಕರ್ ನೀರಲ್ಲಿ ಈ ಮನುಷ್ಯ ಒಂದಿನಾನೂ ಕಾಲು ತೊಳೀಲಿಲ್ಲ ಕಣೋ. ಗೇಟ್ ಮುಂದೆ ಅದು ನಿಂತಿದ್ದು ನೋಡಿದ್ರೆ ಎದ್ದು ಕೂತ್ಕೊಂಡ್ಬಿಡ್ತಾರೆ."

ಯಾರೋ ನಕ್ಕರು, ತಕ್ಷಣ ಕೆಮ್ಮಿದಂತೆ ಮಾಡಿದರು. ಪುಟ್ಟಲಕ್ಷ್ಮಿಯೇ ನಕ್ಕ ಮೇಲೆ ಉಳಿದವರೂ ಧೈರ್ಯವಾಗಿ ನಕ್ಕರು.

ದೀಪ್ತಿಗೆ ನೀರಿನಷ್ಟೇ ದೊಡ್ಡದಾದ ಇನ್ನೊಂದು ಚಿಂತೆಯಿತ್ತು. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸಹಾಯಕರಾಗಿದ್ದ ಅವಳ ಅಪ್ಪ, ೨೦೦೫ರ ಜನವರಿ ಒಂದರಿಂದ ಒಂದು ಬ್ಲಾಗ್ ಬರೆಯುತ್ತಿದ್ದರು. ಅದರಲ್ಲಿ ಇರುತ್ತಿದ್ದದ್ದು ಬೀದಿಗೆ ನೀರು ಬಂದ ಸಮಯ, ನಿಂತ ಸಮಯ, ಒಟ್ಟು ನಿಮಿಷ ಮತ್ತು ಒತ್ತಡ, ಅಂದರೆ ನೀರು ಎಷ್ಟನೆಯ ಮಹಡಿಯವರೆಗೆ ಏರಿತೆಂಬುದು. ಸರದಿಯಿಲ್ಲದ ದಿನ "ಸರದಿ ಇಲ್ಲ" ಎಂದೂ ಸರದಿಯಿದ್ದೂ ಬಾರದ ದಿನ "ಬರಲಿಲ್ಲ" ಎಂದಿರುತ್ತಿತ್ತು. ಅಭಿಪ್ರಾಯ, ಕಾರಣ, ದೂರು ಯಾವುದೂ ಇರುತ್ತಿರಲಿಲ್ಲ. ಹಿಂದಿನ ಸಂಜೆ ಎಂಟಕ್ಕೆ ಅವರು ಹಾಕಿದ್ದು ೧೫೨೯ನೆಯ ಬರಹ. ನಡುವೆ ಒಂದು ದಿನವೂ ತಪ್ಪಿರಲಿಲ್ಲ. ಇಂದಿನದನ್ನು ಅವಳು ಬರೆಯಬೇಕಿತ್ತು, ಅಪ್ಪ ಬರೆಯುತ್ತಿದ್ದಷ್ಟೇ ನಿಜವಾಗಿ.

*

೨೦೦೬ರ ಜುಲೈನಲ್ಲಿ ಸರ್ಕಾರ ಕೆಲವು ಪುಟಗಳನ್ನು ಮುಚ್ಚುವಂತೆ ಆದೇಶಿಸಿತು. ಅಂತರ್ಜಾಲ ಕಂಪನಿಗಳು ಆ ಪುಟಗಳಿದ್ದ ಇಡೀ ತಾಣವನ್ನೇ ಮುಚ್ಚಿದವು. ಚಕ್ರಪಾಣಿಯವರ ಬ್ಲಾಗ್ ಕೂಡ ಅದೇ ತಾಣದಲ್ಲಿತ್ತು. ಒಂದು ವಿಚಿತ್ರವೆಂದರೆ, ಇಲ್ಲಿಂದ ಬರೆದು ಹಾಕಬಹುದಿತ್ತು, ಆದರೆ ಇಲ್ಲಿ ಓದಲಾಗುತ್ತಿರಲಿಲ್ಲ. ಅವರು ಎಂದಿನಂತೆ ಬರೆದು ಹಾಕಿದರು. ಬೀದಿಯವರಿಗಾಗಿ ಅದನ್ನೇ ಸ್ಲೇಟಿನ ಮೇಲೆ ಬರೆದು ಗೇಟಿಗೆ ತೂಗುಹಾಕಿದರು.

ಹೊರದೇಶಗಳಲ್ಲಿ ಅದನ್ನು ಓದಲು ಅಡ್ಡಿಯಿರಲಿಲ್ಲ. ನಿರ್ಬಂಧದ ನಡುವೆಯೂ ಬರೆಯುತ್ತಿರುವ ಭಾರತೀಯರನ್ನು ಹುಡುಕುತ್ತಿದ್ದ ಯುರೋಪಿನ ರೇಡಿಯೊ ವರದಿಗಾರ್ತಿಯೊಬ್ಬಳು ಅದನ್ನು ಕಂಡಳು. ಇಂಗ್ರಿಡ್ ಎಂಬ ಆಕೆ ಮೂರನೆಯ ದಿನ ಮೈಕು ಹಿಡಿದು ಆಟೊದಿಂದ ಇಳಿದಳು. ಅಪ್ಪನ ಪಕ್ಕದಲ್ಲಿ ದೀಪ್ತಿ ಕುಳಿತಿದ್ದಳು.

"ಈ ಅಂಕಿಗಳು ಯಾವ ಸಂಕೇತ?" ಇಂಗ್ರಿಡ್ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಕೇಳಿದಳು.

"ಆರು ಹತ್ತು ಅಂದರೆ ಆರು ಗಂಟೆ ಹತ್ತು ನಿಮಿಷ," ಚಕ್ರಪಾಣಿಯವರೂ ಮರ್ಯಾದೆಗೆಂದು ದನಿ ತಗ್ಗಿಸಿ ಇಂಗ್ಲಿಷಿನಲ್ಲೇ ಉತ್ತರಿಸಿದರು.

"ನಿಮ್ಮ ಬಾಯಿ ಮುಚ್ಚಿಸಿದ್ದಾರೆ ಅನ್ನಿಸುವುದಿಲ್ಲವೆ?"

ಅವರು ಎದ್ದು ಚಪ್ಪಲಿ ಮೆಟ್ಟಿದರು. ಆಮೇಲೆ ಅವಳನ್ನು ಬೀದಿಯ ತುದಿಗೆ ಕರೆದೊಯ್ದರು. ನೀರು ಬಿಡುವ ಮುನಿರಾಮಯ್ಯ ಅಲ್ಲಿ ಕಬ್ಬಿಣದ ಉದ್ದ ಕೀಲಿ ಹಿಡಿದು ವಾಲ್ವಿನ ಗುಂಡಿಯ ಬಳಿ ಕುಳಿತಿದ್ದ. "ಒಂದು ಮನೆಯ ನಲ್ಲಿ ನಿಲ್ಲಿಸಬೇಕಿತ್ತು ಎಂದುಕೊಳ್ಳಿ," ಎಂದರು ಚಕ್ರಪಾಣಿ. "ಅದಕ್ಕಾಗಿ ಇದನ್ನೇ ತಿರುಗಿಸಿದ್ದಾರೆ. ನೂರಾ ಹನ್ನೆರಡು ಮನೆಗಳಿಗೂ ನೀರಿಲ್ಲ. ನನ್ನ ಬಾಯಿ ಅವರ ಗಮನಕ್ಕೇ ಬಂದಿಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಹಬ್ಬಿತ್ತು: ನೀರಿನ ಯೋಜನೆ ನೋಡಲು ಹೊರದೇಶದ ಅಧಿಕಾರಿಣಿ ಬಂದಿದ್ದಾಳೆ. ಹಬ್ಬಿಸಿದವರು ಕೋಕಿಲಾ, ಬಿಳಿಯ ಹೆಂಗಸೊಬ್ಬಳು ವಾಲ್ವಿನ ಗುಂಡಿಯೊಳಗೆ ಇಣುಕುವುದಕ್ಕೆ ಬೇರೆ ಯಾವ ಕಾರಣವೂ ಅವರಿಗೆ ಹೊಳೆಯಲಿಲ್ಲ. ಐದು ನಿಮಿಷದಲ್ಲಿ ಅರವತ್ತು ಹೆಂಗಸರು ಖಾಲಿ ಕೊಡಗಳನ್ನು ಬಡಿಯುತ್ತಾ ನೆರೆದರು. ಪ್ಲಾಸ್ಟಿಕ್ಕಿನವು ಸದ್ದು ಮಾಡುವುದಿಲ್ಲವೆಂದು ಕೆಲವರು ಹಿಂದೆ ಓಡಿ ಹಿತ್ತಾಳೆಯವನ್ನು ತಂದರು.

"ಎರಡನೇ ಮಹಡಿಗೆ ಹತ್ತಲ್ಲ ಅಂತ ಬರ್ಕೋ ತಾಯಿ," ಎಂದು ಒಬ್ಬರು ಮೈಕಿಗೇ ಬಾಯಿಟ್ಟು ಹೇಳಿದರು.

ಇಂಗ್ರಿಡ್ ಕಣ್ಣು ತುಂಬಿ ಅಷ್ಟನ್ನೂ ಧ್ವನಿಮುದ್ರಿಸಿಕೊಂಡಳು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಇಷ್ಟು ಜನ ಕೊಡ ಬಡಿದದ್ದನ್ನು ಆಕೆ ಎಲ್ಲಿಯೂ ಕಂಡಿರಲಿಲ್ಲ.

ತಾಣ ಆ ವಾರವೇ ತೆರೆಯಿತು. ತಿಂಗಳ ನಂತರ ಸಿ.ಡಿ. ಬಂತು. ಕಾರ್ಯಕ್ರಮ ಏಳು ನಿಮಿಷದ್ದು, ಅದರಲ್ಲಿ ಐದು ನಿಮಿಷ ಕೊಡಗಳದೇ ಸದ್ದು. ನಡುಮನೆಯಲ್ಲಿ ಕಿಕ್ಕಿರಿದ ಬೀದಿಯವರಿಗೆ ಆ ಭಾಷೆಯಲ್ಲಿ ತಿಳಿದದ್ದು ಎರಡೇ ಪದ: ಬಸವೇಶ್ವರನಗರ, ಚಕ್ರಪಾಣಿ. ಎರಡಕ್ಕೂ ಚಪ್ಪಾಳೆ ಬಿತ್ತು.

ಹೊರದೇಶದಲ್ಲಿ ಹೆಸರು ಕೇಳಿಬಂತೆಂದು ಜಲಮಂಡಳಿಯ ಮೇಲಿನವರಿಗೆ ಕಸಿವಿಸಿಯಾಯಿತು. ಆ ಬ್ಲಾಗನ್ನು ದಿನವೂ ಬೆಳಿಗ್ಗೆ ಓದಿ ವರದಿ ಕೊಡುವಂತೆ ಗೋಪೀನಾಥ ಎಂಬ ಇಂಜಿನಿಯರಿಗೆ ಆಜ್ಞೆಯಾಯಿತು. ಅಂದಿನಿಂದ ಮುನಿರಾಮಯ್ಯ ಕೀಲಿಯನ್ನು ಗಡಿಯಾರ ನೋಡಿಯೇ ತಿರುಗಿಸತೊಡಗಿದ.

*

ಹನ್ನೆರಡಕ್ಕೆ ಶವ ಹೊರಟಿತು. ಮನೆ ತೊಳೆಯಲು ಸಂಪಿನಲ್ಲಿ ಉಳಿದಿದ್ದ ನೀರು ಸರಿಹೋಯಿತು. ಹೆಂಗಸರು ಒದ್ದೆ ನೆಲದ ಮೇಲೆ ಕುಳಿತಿದ್ದಾಗ ಅಂಗಳದ ನಲ್ಲಿ ಸುಯ್ಯೆಂದಿತು. ಮೊದಲು ಗಾಳಿ, ಅನಂತರ ಕೆಂಪು ನೀರು, ಅನಂತರ ತಿಳಿನೀರು.

ದೀಪ್ತಿ ನಲ್ಲಿಯತ್ತ ಓಡಲಿಲ್ಲ, ಗಡಿಯಾರ ನೋಡಿದಳು. ಒಂದು ಐವತ್ತೆರಡು. ಅವಳು ಬೀದಿಯ ತುದಿಗೆ ಹೋದಾಗ ಮುನಿರಾಮಯ್ಯ ಗುಂಡಿಯ ಕಟ್ಟೆಯ ಮೇಲೆ ಕುಳಿತಿದ್ದ.

"ಮುನಿರಾಮಯ್ಯನವರೇ, ಇವತ್ತು ಮಂಗಳವಾರ."

"ಗೊತ್ತಮ್ಮ."

"ನನ್ನ ಮದುವೆ ಚಪ್ಪರದ ದಿನಾನೂ ಹೀಗೇ ಸರದಿ ಇಲ್ದೆ ನೀರು ಬಿಡ್ತೀನಿ ಅಂದಿದ್ರಿ. ಅವತ್ತು ಅಪ್ಪ ಏನಂದಿದ್ರು?"

ಮುನಿರಾಮಯ್ಯ ನಕ್ಕ. "ಬಿಟ್ರೆ ಬರೀಬೇಕಾಗುತ್ತೆ, ಬರೆದ್ರೆ ನಿಂಗೆ ತೊಂದ್ರೆ, ಅದಕ್ಕೇ ಬಿಡಬೇಡ ಅಂದ್ರು. ಹಂಡೆ, ಪರಾತ, ಹೋಳಿಗೆ ಡಬ್ಬದಲ್ಲೆಲ್ಲ ಎರಡು ದಿನ ಮುಂಚೆ ನೀರು ಹಿಡಿದಿಟ್ರು. ಹೋಳಿಗೆ ಇಡೋಕೆ ಡಬ್ಬ ಇರ್ಲಿಲ್ಲ." ಅವನು ಕೀಲಿಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ. "ಇವತ್ತು ಬೇಡ ಅನ್ನೋಕೆ ಅವರಿಲ್ವಲ್ಲಮ್ಮ. ಬಿಟ್ಬಿಟ್ಟೆ."

"ಎಂಟು ಗಂಟೆಗೆ ನಾನು ಬರೀಬೇಕು."

"ಹೂಂ. ನಂಗೆ ಇನ್ನು ಹದಿನಾಲ್ಕು ತಿಂಗಳು ಸರ್ವಿಸ್ ಇದೆ." ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಬರೀರಿ ಅನ್ನೋಕೆ ಧೈರ್ಯ ಇಲ್ಲ. ಬರೀಬೇಡಿ ಅನ್ನೋಕೆ ಬಾಯಿ ಬರ್ತಿಲ್ಲ. ನೀವೇ ನೋಡ್ಕೊಳ್ಳಿ."

ಎರಡು ಇಪ್ಪತ್ತಕ್ಕೆ ಗಂಡಸರು ಹಿಂತಿರುಗಿದರು. ಅಂಗಳ ಸಾಲದೆ ಕೋಕಿಲಾ ತಮ್ಮ ಮನೆಯ ಪೈಪನ್ನೂ ಬೀದಿಗೆ ಎಳೆದರು. ಒದ್ದೆ ಪಂಚೆಯ ನಲವತ್ತೇಳು ಮಂದಿ ಒಬ್ಬರ ತಲೆಗೆ ಒಬ್ಬರು ನೀರು ಹೊಯ್ದುಕೊಂಡರು. ಎಲ್ಲ ಮನೆಗಳಿಂದ ಕೊಡಗಳು ಹೊರಬಂದವು. ಯಾರೋ ಕೊಡದ ಬೆನ್ನನ್ನು ಎರಡು ಬಾರಿ ತಟ್ಟಿ, "ಬರ್ಕೋ ತಾಯಿ," ಎಂದದ್ದೇ ತಡ, ಬೀದಿಯೆಲ್ಲ ನಗತೊಡಗಿತು. ಹಜಾರದಲ್ಲಿದ್ದ ಪುಟ್ಟಲಕ್ಷ್ಮಿ ಸೆರಗು ಬಾಯಿಗೊತ್ತಿಕೊಂಡು ನಕ್ಕು ಅತ್ತರು.

ದೀಪ್ತಿ ಮತ್ತೆ ಎಣಿಸಿದಳು. ಹೊರಟವರು ನಲವತ್ತಾರು, ನಲವತ್ತೇಳನೆಯವರು ಚಿತಾಗಾರದಲ್ಲಿ ಸೇರಿಕೊಂಡ, ಕಿವಿಯ ತುಂಬ ಸೋಪಿನ ನೊರೆಯಿದ್ದ ಐವತ್ತರ ಗಂಡಸು.

"ನಾನು ಗೋಪೀನಾಥ," ಎಂದರು ಅವರು ಟವೆಲ್ ಹಿಂಡುತ್ತಾ. "ನಿಮ್ಮ ತಂದೇನ ಇವತ್ತೇ ನೋಡಿದ್ದು. ಓದೋದು ಎರಡೂವರೆ ವರ್ಷದಿಂದ. ಶಿಕ್ಷೆ ಅಂತ ಕೊಟ್ಟಿದ್ರು, ಆಮೇಲೆ ಅದನ್ನ ಓದ್ದೆ ಕಾಫಿ ಇಳೀತಿರ್ಲಿಲ್ಲ." ನಂತರ ಸುತ್ತ ನೋಡಿದರು. "ಇವತ್ತು ಮಂಗಳವಾರ ಅಲ್ವಾ? ಯಾರ್ರೀ ನೀರು ಬಿಟ್ಟಿದ್ದು?"

ನಗು ನಿಂತಿತು. ಮುನಿರಾಮಯ್ಯ ಕೀಲಿಯನ್ನು ನೆಟ್ಟಗೆ ಹಿಡಿದು ಮುಂದೆ ಬಂದ. "ನಾನೇ ಸಾರ್."

ಗೋಪೀನಾಥ ಅವನನ್ನು ನೋಡಿದರು, ತಮ್ಮ ಒದ್ದೆ ಮೈಯನ್ನು ನೋಡಿಕೊಂಡರು. "ಸೋಪು ಇನ್ನೂ ಕಿವೀಲಿದೆ ಕಣ್ರೀ. ನಿಲ್ಲಿಸೋ ಮುಂಚೆ ಒಂದ್ಮಾತು ಹೇಳಿ." ಆಮೇಲೆ ದೀಪ್ತಿಯ ಕಡೆ ತಿರುಗಿದರು. "ಬರೀತೀರಾ?"

"ಬರೀತೀನಿ ಸಾರ್. ಸಮಯ ಬರೀತೀನಿ. ಕಾರಣ ಅಪ್ಪ ಯಾವತ್ತೂ ಬರೆದೋರಲ್ಲ."

"ಬರೀರಿ. ಬೆಳಿಗ್ಗೆ ನಾನು ಓದ್ಬೇಕು. ಮೇಲಿನೋರು ಕಾರಣ ಕೇಳಿದ್ರೆ, ನಾನೂ ಅದ್ರಲ್ಲೇ ಮಿಂದೆ ಅಂತ ಹೇಳ್ತೀನಿ. ಒತ್ತಡ ಎಷ್ಟಿತ್ತು?"

ಇಬ್ಬರೂ ತಲೆಯೆತ್ತಿದರು. ಕೋಕಿಲಾರ ಮನೆಯ ಎರಡನೆಯ ಮಹಡಿಯ ಟ್ಯಾಂಕು ತುಂಬಿ, ಬಿಸಿಲಿನಲ್ಲಿ ಹೊಳೆಯುತ್ತಾ ಹೊರಚೆಲ್ಲುತ್ತಿತ್ತು.

ಸಂಜೆ ಎಂಟಕ್ಕೆ ದೀಪ್ತಿ ಅಪ್ಪನ ಕುರ್ಚಿಯಲ್ಲಿ ಕುಳಿತು ಬರೆದಳು:

೧೫೩೦. ಮಂಗಳವಾರ, ೧೦ ಮಾರ್ಚ್ ೨೦೦೯. ಸರದಿ ಇಲ್ಲ.
ಬಂದದ್ದು: ೧.೫೨. ನಿಂತದ್ದು: ೩.೩೭.
ಒಟ್ಟು: ೧೦೫ ನಿಮಿಷ.
ಒತ್ತಡ: ಎರಡನೆಯ ಮಹಡಿಯವರೆಗೆ.
ಸ್ನಾನ ಮಾಡಿದವರು: ೪೭.