ರಾಜೇಂದ್ರನ ಶೂ ರಿಪೇರಿ

ರಾಜೇಂದ್ರನ ಬಲಗಾಲಿನ ಶೂ ಬಾಯಿ ಬಿಟ್ಟು ಯಾವ ಕಾಲವಾಗಿತ್ತೋ. ಮಗಳು ಮಾನಸಳಿಗೆ ಒಂದು ಸಂಬಂಧ ಬಂದಿತ್ತು. ಹೆಮ್ಮಿಗೆಗೆ ಹೋಗಿ ಹುಡುಗನ ಮನೆ ನೋಡಿಬರಬೇಕು ಅನ್ನುವ ಬೆಳಿಗ್ಗೆಯೇ ಮಹಾಶಯನಿಗೆ ಅದರ ನೆನಪು ಬಂತು. ತಮ್ಮೂರು ಚಿಕ್ಕಯ್ಯನಛತ್ರದ ಬಸ್ ಸ್ಟ್ಯಾಂಡಿನಲ್ಲೇ ಚಪ್ಪಲಿ ಹೊಲಿಯುವವನು ಕೂತಿರುತ್ತಾನೆ. ಅವನ ಹತ್ತಿರ ಹೋದರೆ ಈತನ ದೊಡ್ಡಸ್ತಿಕೆಗೆ ಕುಂದಲ್ಲವೇ! ತಾನೇ ಗಮ್ಮು ಹಿಡಿದು ರಿಪೇರಿಗೆ ಕೂತ.

ಈತ ಕೈಯಿಟ್ಟ ಮೇಲೆ ನೆಟ್ಟಗೆ ಉಳಿದ ಸಾಮಾನು ಮನೆಯಲ್ಲಿ ಒಂದೂ ಇರಲಿಲ್ಲ. ರಿಪೇರಿಗೆಂದು ಬಿಚ್ಚಿದ ಮಿಕ್ಸಿ ಇವತ್ತಿಗೂ ಗೋಣಿಚೀಲದಲ್ಲಿದೆ. ನಲ್ಲಿ ಸರಿ ಮಾಡಿದ, ಗೋಡೆ ಸೋರತೊಡಗಿತು. ಇದನ್ನೆಲ್ಲ ನೋಡಿ ನೋಡಿ ಬೇಸತ್ತಿದ್ದ ಹೆಂಡತಿ ಪುಟ್ಟಗೌರಮ್ಮ ಮಗಳಿಗಾಗಿ ದೇವರಲ್ಲಿ ಕೇಳಿದ್ದು ಒಂದೇ. ಆಸ್ತಿ ಕಮ್ಮಿಯಿದ್ದರೂ ಸರಿಯೇ, ಇಂಥ ಎಲ್ಲ ಬಲ್ಲ ಗಂಡ ಮಾತ್ರ ಬೇಡ.

"ನನ್ ರುಬ್ಬುಗುಂಡು ಯಾಕ್ ತಗಂಡ್ರಿ?"

"ಭಾರ ಏರ್ಬೇಕು ಕಣಮ್ಮಿ. ಒಳುಕ್ಕೂ ಗಮ್ ಸುರ್ದಿವ್ನಿ. ಇನ್ನತ್ತು ವರ್ಸ ಅಲ್ಲಾಡಾಕಿಲ್ಲ."

ದೋಸೆ ಹಿಟ್ಟು ರುಬ್ಬುವ ಗುಂಡು ಶೂ ಮೇಲೆ! ಪುಟ್ಟಗೌರಮ್ಮನಿಗೆ ಮೈಯೆಲ್ಲ ಉರಿಯಿತು. ಗಮ್ಮು ಒಣಗುವಷ್ಟೂ ತಾಳ್ಮೆಯಿಲ್ಲದ ಆತ ಶೂ ತೊಟ್ಟು, ನೆಲಕ್ಕೆ ಕುಟ್ಟಿ ನೋಡಿ, ಎದೆಯುಬ್ಬಿಸಿಕೊಂಡು ಹೆಂಡತಿ, ನೆಂಟರ ಜೊತೆ ಬಸ್ ಹತ್ತಿದ.

ಹೆಮ್ಮಿಗೆಯಲ್ಲಿ ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದರು. ರಾಜೇಂದ್ರ ಮಾತ್ರ ಜಗಲಿಯ ಕಂಬ ಹಿಡಿದು ಒಂಟಿಕಾಲಲ್ಲಿ ಕುಣಿಯುತ್ತಿದ್ದ. ಒಳಗೆ ಸುರಿದ ಗಮ್ಮು ಕಾಲುಚೀಲ ದಾಟಿ ಅಂಗಾಲನ್ನೇ ಹಿಡಿದಿತ್ತು. ಹಲ್ಲು ಕಚ್ಚಿ ಎಳೆದ. ಶೂ ಕೈಗೆ ಬಂತು, ಸೋಲ್ ಕಾಲಲ್ಲೇ ಉಳಿಯಿತು. ಪುಟ್ಟಗೌರಮ್ಮನಿಗೆ ನಾಚಿಕೆಗಿಂತ ಅಸಹ್ಯವೇ ಹೆಚ್ಚಾಯಿತು.

ಹುಡುಗ ಚಂದ್ರಶೇಖರ್ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಅವನು ನಗಲಿಲ್ಲ. ಓಡಿಬಂದು ಕಾಲ ಬಳಿ ಕೂತ. ಎಷ್ಟು ಒಳ್ಳೆಯ ಹುಡುಗ ಎಂದು ಪುಟ್ಟಗೌರಮ್ಮನ ಮನಸ್ಸು ಅರಳಿತು.

"ಇದುಕ್ಕೆ ಗಮ್ ಸಾಲಾಕಿಲ್ಲ ಮಾವ, ಮೊಳೆ ಒಡೀಬೇಕು. ನಾನೇ ಒಡ್ಕೊಡ್ತೀನಿ. ನಮ್ಮನೇಲಿ ರಿಪೇರಿಗೆ ಅಂತ ಯಾರ್ನೂ ಕರ್ಯಾಕಿಲ್ಲ. ಮೋಟ್ರು, ಟಿವಿ, ಎಲ್ಲಾ ನಾನೇ ಬಿಚ್ಚಾದು."

ಅವನು ಸುತ್ತಿಗೆ ತರಲು ಓಡಿದ. ಹೊಸ್ತಿಲ ಬಳಿ ನಿಂತಿದ್ದ ಅವನ ತಾಯಿ ಹಣೆ ಚಚ್ಚಿಕೊಂಡಳು. ಪುಟ್ಟಗೌರಮ್ಮನಿಗೆ ಅಷ್ಟೇ ಸಾಕಾಯಿತು.

ವಾಪಸು ಬರುವಾಗ ರಾಜೇಂದ್ರನ ಕಾಲಲ್ಲಿ ಆ ಮನೆಯವರ ಹವಾಯಿ ಚಪ್ಪಲಿ. ಬಸ್ಸಿನಲ್ಲಿ ಕೂತವನೇ ಶುರು ಮಾಡಿದ.

"ಉಡ್ಗ ಚಿನ್ನ ಕಣಮ್ಮಿ. ಇವತ್ತೇ ಒಪ್ಗೆ ಏಳ್ಬುಡಾವ."

"ಈ ಸಂಬಂಧ ಬ್ಯಾಡ."

"ಯಾಕೆ, ಅವ್ನಿಗೇನಾಗದೆ?"

"ಏನೂ ಆಗಿಲ್ಲ. ನಿಮ್ಮಂಗೇ ಅವ್ನೆ."

ರಾಜೇಂದ್ರ ಉಬ್ಬಿಹೋದ. "ಮತ್ತಿನ್ನೇನು?"

"ಅದ್ಕೇ ಬ್ಯಾಡ ಅಂದಿದ್ದು. ನನ್ ಪಾಡು ನನ್ ಮಗುಳ್ಗೂ ಬ್ಯಾಡ."