ಊರೆಲ್ಲ ಕೆಟ್ಟ ಕಾಫಿ

ಹಲ್ಲಿನ ಮೇಷ್ಟ್ರಿಗೆ ಶಾಲೆಯೂ ಇರಲಿಲ್ಲ, ಶಿಷ್ಯರೂ ಇರಲಿಲ್ಲ. ದಂತವೈದ್ಯರು ತೆಗೆದು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಬೀದಿಯ ಅರ್ಧಕ್ಕರ್ಧ ಮುದುಕರು ಅವರು ಕೂರಿಸಿದ ಹಲ್ಲಿನಲ್ಲೇ ನಗುತ್ತಿದ್ದರು. ಆ ಗೌರವಕ್ಕೆ ಯಾರೋ ಒಮ್ಮೆ ಮೇಷ್ಟ್ರು ಅಂದದ್ದು ಹಾಗೇ ಅಂಟಿಕೊಂಡಿತ್ತು. ಆದರೆ ಅವರನ್ನೇ ಕೇಳಿದರೆ, ತಾನು ಹುಟ್ಟಿದ್ದು ಹಲ್ಲು ಮಾಡುವುದಕ್ಕಲ್ಲ, ಕಾಫಿ ಕುಡಿಯುವುದಕ್ಕೆ ಎನ್ನುತ್ತಿದ್ದರು.

ಬೆಳಗಿನ ಮೊದಲ ಕಾಫಿ ಮನೆಯದು. ಬೀಜವನ್ನು ಕೈಮಿಲ್ಲಿಗೆ ಹಾಕಿ ತಾವೇ ತಿರುವುತ್ತಿದ್ದರು. ಆ ಮಿಲ್ಲನ್ನು ಮುಟ್ಟುವ ಅಧಿಕಾರ ಹೆಂಡತಿಗೂ ಇರಲಿಲ್ಲ, ಆಕೆಗೆ ಅದು ಬೇಕಾಗಿಯೂ ಇರಲಿಲ್ಲ. ಕೆಲಸದ ನಡುವೆ ಎರಡನೆಯದು ಮೆಟ್ಟಿಲಂಗಡಿಯಲ್ಲಿ. ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕಾದ ಅಂಗಡಿ ಅದು. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ಅಲ್ಲಿ ಮೇಷ್ಟ್ರಿಗೆ ಗೋಡೆ ಪಕ್ಕದ ಒಂದು ಜಾಗ, ಎದುರಿಗೆ ಬಾಲ್ಯದ ಗೆಳೆಯ, ವಾಚು ರಿಪೇರಿಯವನು. ಸಂಜೆಯ ಕಾಫಿ ಕೋರ್ಟಿನ ಹಿಂದಿನ ಓಣಿಯಲ್ಲಿ, ಕರಿಕೋಟಿನವರ ಗದ್ದಲದ ನಡುವೆ ನಿಂತೇ ಕುಡಿಯುವುದು. ಮೂರೂ ಕಡೆಯ ರುಚಿ ಬೇರೆ ಬೇರೆ. ಕಣ್ಣು ಕಟ್ಟಿ ಕೊಟ್ಟರೂ ಯಾವುದು ಎಲ್ಲಿಯದೆಂದು ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದರು. ಜಂಬ ಸುಳ್ಳೇನಲ್ಲ. ಹೊಸ ಅಂಗಡಿ ತೆರೆದರೆ ಬೀದಿಯವರು ಮೊದಲು ಕೇಳುತ್ತಿದ್ದದ್ದು, ಮೇಷ್ಟ್ರು ಏನಂದರು ಎಂದು. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿಗೂ ಡಾಕ್ಟರಮ್ಮನ ಹಲ್ಲಿನ ಕ್ಲಿನಿಕ್ಕಿಗೂ ದಿನಾ ಫ್ಲಾಸ್ಕಿನಲ್ಲಿ ಮೆಟ್ಟಿಲಂಗಡಿಯ ಕಾಫಿ ಹೋಗುತ್ತಿದ್ದದ್ದು ಅವರ ಮಾತಿನ ಮೇಲೆಯೇ.

ಹೀಗಿರುವಾಗ ಮೇಷ್ಟ್ರಿಗೆ ಒಂದು ನೆಗಡಿ ಬಂತು. ಮೂಗು ಕಟ್ಟಿ, ತಲೆ ಭಾರವಾಗಿ, ಕೆಲವು ದಿನ ಹಾಸಿಗೆ ಹಿಡಿದರು. ಎಲ್ಲರಿಗೂ ಬರುವಂಥ ನೆಗಡಿ, ಎಲ್ಲರಿಗೂ ಹೋಗುವ ಹಾಗೆ ಹೋಯಿತು. ಮೂಗು ಬಿಟ್ಟುಕೊಂಡ ಮರುದಿನ ಮಿಲ್ಲು ತಿರುವಿ, ಆಸೆಯಿಂದ ಕಾಫಿ ಮಾಡಿ ಬಾಯಿಗಿಟ್ಟರೆ ಏನೂ ಇಲ್ಲ. ಬಿಸಿಯಾಗಿತ್ತು, ಒಂಚೂರು ಕಹಿಯಿತ್ತು, ಅಷ್ಟೇ. ಬೀಜ ಹಳತಾಗಿದೆ ಅಂದುಕೊಂಡರು. ಆ ದಿನವೇ ಬೀಜದ ಅಂಗಡಿಗೆ ಹೋಗಿ, ತೇವ ಹಿಡಿದ ಮಾಲು ಕೊಡುತ್ತೀಯಾ ಎಂದು ಕೂಗಾಡಿ ಹೊಸ ಪೊಟ್ಟಣ ತಂದರು. ಅದೂ ಹಾಗೇ. ಇನ್ನೊಂದು ಅಂಗಡಿಯದು ತಂದರು. ಅದೂ ಹಾಗೇ.

ಕೆಲಸದ ಕೋಣೆಯಲ್ಲಿ ಮಾತ್ರ ಒಂದು ಒಳ್ಳೆಯ ಬದಲಾವಣೆ ಕಂಡಿತು. ಗುಲಾಬಿ ಬಣ್ಣದ ಪುಡಿಗೆ ಬೆರೆಸಿ ಕಟ್ಟುಹಲ್ಲಿನ ವಸಡು ಮಾಡುವ ಲಿಕ್ವಿಡ್ಡು ಮೊದಲೆಲ್ಲ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಕಣ್ಣುಮೂಗು ಉರಿಸುವಂಥ ಘಾಟು. ಈ ಸಲದ ಬಾಟಲಿಯಲ್ಲಿ ಉರಿ ಇತ್ತೇ ಹೊರತು ಆ ವಾಸನೆ ಇರಲಿಲ್ಲ. ಕಂಪನಿಯವರು ಕೊನೆಗೂ ಸುಧಾರಿಸಿದ್ದಾರೆ ಎಂದು ಮೇಷ್ಟ್ರು ಸಂತೋಷಪಟ್ಟರು. ಎರಡನ್ನೂ ಜೋಡಿಸಿ ಯೋಚಿಸುವುದು ಅವರಿಗೆ ಹೊಳೆಯಲಿಲ್ಲ. ತನ್ನ ನಾಲಿಗೆಯ ಮೇಲೆ ಅಷ್ಟು ನಂಬಿಕೆ ಇದ್ದವನಿಗೆ ಅದೆಲ್ಲ ಹೊಳೆಯುವುದು ಕಷ್ಟ.

ಮೆಟ್ಟಿಲಂಗಡಿಯಲ್ಲಿ ಒಂದು ದಿನ ಜನ ತುಂಬಿದ್ದರು. ಮೇಷ್ಟ್ರು ತಮ್ಮ ಜಾಗದಲ್ಲಿ ಕೂತು ಒಂದು ಗುಟುಕು ಕುಡಿದರು, ಮುಖ ಸಿಂಡರಿಸಿದರು, ಇನ್ನೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನಾಲ್ಕೈದು ದಿನದಿಂದ ತಡೆದುಕೊಂಡಿದ್ದದ್ದು ಬಾಯಿಗೆ ಬಂತು.

"ಅಕ್ಕಾ, ನಿನ್ನೆ ಚರಟಾನೇ ಇವತ್ತು ಮತ್ತೆ ಕುದಿಸಿದ್ದೀರಾ?"

ಅಕ್ಕ ಒಲೆಯ ಹತ್ತಿರದಿಂದ ತಿರುಗಿ ನೋಡಿದರು. ತಮಾಷೆ ಇರಬಹುದೆಂದು ಅವರ ಮುಖದಲ್ಲಿ ಒಂದು ನಗು ಬರಲು ಹೊರಟು ಅರ್ಧಕ್ಕೇ ನಿಂತಿತು. "ಇವತ್ತು ಬೆಳಿಗ್ಗೆ ಹೊಸ ಪುಡಿ ಪೊಟ್ಟಣ ಒಡೆದಿದ್ದೀನಿ ಮೇಷ್ಟ್ರೇ. ಒಳಗೆ ಬಂದು ನೋಡಿ."

"ನೋಡೋದೇನಿದೆ? ನನ್ನ ನಾಲಿಗೆ ಸುಳ್ಳು ಹೇಳಲ್ಲ."

ಮುಕ್ಕಾಲು ತುಂಬಿದ್ದ ಲೋಟ ಬಿಟ್ಟು ಮೇಷ್ಟ್ರು ಮೆಟ್ಟಿಲು ಹತ್ತಿ ಹೋದರು. ಹಿಂದೆಯೇ ಇನ್ನಿಬ್ಬರು ಗಿರಾಕಿಗಳು ತಮ್ಮ ಲೋಟವನ್ನು ಮೂಸಿ ನೋಡಿ, ಹೌದಲ್ವಾ, ಏನೋ ಕಮ್ಮಿಯಾಗಿದೆ ಎಂದರಂತೆ. ವಾಚಿನವನು ಮಾತ್ರ ತನ್ನದನ್ನೂ ಮೇಷ್ಟ್ರದನ್ನೂ ಎರಡನ್ನೂ ಕುಡಿದು ಎದ್ದು ಬಂದ.

ಆಮೇಲೆ ಶುರುವಾದದ್ದು ಅಲೆದಾಟ. ವಾಚಿನವನನ್ನು ಜೊತೆಗೆ ಎಳೆದುಕೊಂಡು ಮೇಷ್ಟ್ರು ಊರಿನ ಕಾಫಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಕೋರ್ಟಿನ ಓಣಿಯವನು ಹಾಲಿಗೆ ನೀರು ಬೆರೆಸುತ್ತಿದ್ದಾನೆಂದು ತೀರ್ಮಾನವಾಯಿತು. ಬಸ್ ನಿಲ್ದಾಣದವನದು ಬರೀ ಸಕ್ಕರೆ ನೀರು. ಗಾಜಿನ ಬಾಗಿಲು, ಮೆತ್ತನೆ ಕುರ್ಚಿಗಳ ಹೊಸ ಅಂಗಡಿಯಲ್ಲಿ ಹುಡುಗಿಯೊಬ್ಬಳು ನೊರೆಯ ಮೇಲೆ ಅಂದವಾಗಿ ಎಲೆ ಬಿಡಿಸಿ ತಂದಿಟ್ಟಳು. ಮೇಷ್ಟ್ರು ಅರ್ಧ ಎಲೆ ಕುಡಿದು, ಚಿತ್ರ ಬರೆಯೋಕೆ ಕೊಟ್ಟ ಗಮನ ಕಾಫಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಮೂಗು ಮುರಿದರು. ವಾಚಿನವನು ಎಲ್ಲ ಕಡೆಯೂ ಲೋಟ ಖಾಲಿ ಮಾಡಿ, ಚೆನ್ನಾಗೇ ಇದೆಯಲ್ಲೋ ಅನ್ನುತ್ತಿದ್ದ. ನಿನ್ನ ನಾಲಿಗೆ ನಿನ್ನ ವಾಚುಗಳ ಥರಾನೇ ತುಕ್ಕು ಹಿಡಿದಿದೆ ಎಂದು ಮೇಷ್ಟ್ರು ರೇಗಿದ ಮೇಲೆ ಅವನೂ ಜೊತೆಗೆ ಬರುವುದನ್ನು ಬಿಟ್ಟ.

ಮನೆಯಲ್ಲಿ ಅವರ ಹೆಂಡತಿಯ ಪಾಡು ಕೇಳಬೇಡಿ. ಊಟಕ್ಕೆ ಕೂತರೆ ಎಲ್ಲದಕ್ಕೂ ಉಪ್ಪು ಸುರಿದುಕೊಳ್ಳುವುದು, ಇಡೀ ಊರೇ ಮೋಸಕ್ಕೆ ಬಿದ್ದಿದೆ ಎಂದು ಗೊಣಗುವುದು. ದಿನವನ್ನು ಮೂರು ಕಾಫಿಗೆ ಕಟ್ಟಿ ನಿಲ್ಲಿಸಿದ್ದ ಮನುಷ್ಯನಿಗೆ ಈಗ ಬೆಳಿಗ್ಗೆ ಏಳುವುದಕ್ಕೇ ಕಾರಣ ಸಿಗದಂತಾಗಿತ್ತು. ಕೋಪ ಸದಾ ಮೂಗಿನ ತುದಿಯಲ್ಲೇ. ಒಂದು ದಿನ ಸಿಟ್ಟಿನಲ್ಲಿ ಉಜ್ಜುತ್ತಾ, ಆಗಲೇ ಸಿದ್ಧವಾಗಿದ್ದ ಒಂದು ಸೆಟ್ಟಿನ ಮುಂದಿನ ಹಲ್ಲು ಹಾರಿಸಿಕೊಂಡರು.

ಗುಟ್ಟು ಬಯಲಾದದ್ದು ಒಂದು ರಜೆಯ ಬೆಳಿಗ್ಗೆ. ಹಾಲನ್ನು ಒಲೆಯ ಮೇಲಿಟ್ಟು ಮೇಷ್ಟ್ರು ಅಡುಗೆಮನೆಯ ಸ್ಟೂಲಿನ ಮೇಲೇ ಕೂತು, ಒಲೆಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದರು. ಸ್ನಾನಕ್ಕೆ ಹೋಗಿದ್ದ ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದು ಒಲೆ ಆರಿಸಿದರು. ಹಾಲು ಉಕ್ಕಿ, ಇಂಗಿ, ಪಾತ್ರೆ ತಳ ಹಿಡಿದು ಕರ್ರಗಾಗಿತ್ತು. ಮನೆಯೆಲ್ಲ ಸೀದ ವಾಸನೆ.

"ರೀ, ಪಕ್ಕದಲ್ಲೇ ಕೂತಿದ್ದೀರಿ. ನಿಮಗೆ ವಾಸನೆ ಬರಲಿಲ್ವಾ?"

"ಯಾವ ವಾಸನೆ?" ಎಂದರು ಮೇಷ್ಟ್ರು.

ಆಕೆಗೆ ಏನೋ ಅನುಮಾನ ಬಂತು. ತಲೆಯ ಟವೆಲ್ ಬಿಚ್ಚಿ ಅವರ ಕಣ್ಣಿಗೆ ಕಟ್ಟಿದರು. ಮೂಗಿನ ಕೆಳಗೆ ಏನೋ ಹಿಡಿದು ಇದೇನು ಹೇಳಿ ಅಂದರು. ಮೇಷ್ಟ್ರು ಎಳೆದೆಳೆದು ಉಸಿರು ತೆಗೆದುಕೊಂಡು, ಸೋಪು ಅಂದರು. ಅದು ಜಜ್ಜಿದ ಬೆಳ್ಳುಳ್ಳಿ. ಮುಂದಿನದು ಏನೂ ಇಲ್ಲ, ಖಾಲಿ ಕೈ ಅಂದರು. ಅದು ಬೂಟ್ ಪಾಲಿಶಿನ ಡಬ್ಬಿ. ಕೊನೆಗೆ ಹಿಡಿದದ್ದು ಕಾಫಿಪುಡಿಯ ಡಬ್ಬಿ. ಮೇಷ್ಟ್ರು ಬಹಳ ಹೊತ್ತು ಮೂಸಿದರು, ಮತ್ತೆ ಮೂಸಿದರು, ಬೂಟ್ ಪಾಲಿಶಾ ಎಂದು ಮೆಲ್ಲಗೆ ಕೇಳಿದರು. ಹೆಂಡತಿ ನಗಲಿಲ್ಲ. ಟವೆಲ್ ಬಿಚ್ಚಿದಾಗ ಡಬ್ಬಿ ನೋಡಿದ ಮೇಷ್ಟ್ರು ಅದನ್ನು ಕಿತ್ತುಕೊಂಡು ತಾವೇ ಇನ್ನೊಮ್ಮೆ ಮೂಸಿದರು.

ಕಿವಿ-ಮೂಗಿನ ಡಾಕ್ಟರು ಲೈಟು ಬಿಟ್ಟು ನೋಡಿ, ನೆಗಡಿ ಹೋಗುವಾಗ ವಾಸನೆಯ ನರಕ್ಕೆ ಏಟು ಕೊಟ್ಟು ಹೋಗಿದೆ ಎಂದರು. ಮರಳಿ ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಬರದೆಯೂ ಇರಬಹುದು. ನಾಲಿಗೆಗೆ ಗೊತ್ತಾಗುವುದು ಸಿಹಿ, ಕಹಿ, ಉಪ್ಪು, ಹುಳಿ ಇಂಥವು ಮಾತ್ರ, ಉಳಿದ ರುಚಿಯೆಲ್ಲ ಮೂಗಿನದೇ ಎಂದೂ ಹೇಳಿದರು. ದಿನಾ ನಾಲ್ಕಾರು ಬಗೆಯ ವಾಸನೆಗಳನ್ನು ಮೂಸುತ್ತಾ ಇರಿ ಎಂದು ಕಳಿಸಿಕೊಟ್ಟರು. ಇಷ್ಟು ವರ್ಷ ನಾಲಿಗೆಗೆ ಸಲ್ಲಿಸಿದ ಮರ್ಯಾದೆಯೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತೆಂದು ಮೇಷ್ಟ್ರಿಗೆ ಆಗ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ, ಮೆಟ್ಟಿಲಂಗಡಿಯಲ್ಲಿ ತುಂಬಿದ ಜನರ ಮುಂದೆ ಆಡಿದ ಮಾತು ಮತ್ತೆ ಮತ್ತೆ ನೆನಪಾಯಿತು.

ಗಿರಾಕಿಗಳಿಲ್ಲದ ಹೊತ್ತು ನೋಡಿ ಅಂಗಡಿಗೆ ಇಳಿದರು. ನಿಜ ಹೇಳಬೇಕೆಂದರೆ ಹೊತ್ತು ನೋಡುವ ಅಗತ್ಯವೇ ಇರಲಿಲ್ಲ. ಮೇಷ್ಟ್ರ ಮಾತು ಊರೆಲ್ಲ ಹಬ್ಬಿ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಪ್ರೆಸ್ಸಿನ ಫ್ಲಾಸ್ಕೂ ಕ್ಲಿನಿಕ್ಕಿನ ಫ್ಲಾಸ್ಕೂ ಕಪಾಟಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದವು. ಮೇಷ್ಟ್ರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ನೆಗಡಿ, ಸೀದ ಹಾಲು, ಡಾಕ್ಟರು, ಏನೂ ಬಿಡಲಿಲ್ಲ. ತಪ್ಪಾಯಿತು ಅಕ್ಕಾ ಎಂದರು.

ಅಕ್ಕ ಲೋಟಗಳನ್ನು ಒರೆಸಿ ಕವುಚಿಡುತ್ತಾ ಕೇಳಿಸಿಕೊಂಡರು. "ಮೂಗು ಹೋದದ್ದು ನಿಮ್ಮ ತಪ್ಪಲ್ಲ ಮೇಷ್ಟ್ರೇ. ಒಳಗೆ ಬಂದು ನೋಡಿ ಅಂದೆ. ಎಷ್ಟು ವರ್ಷದಿಂದ ಬರ್ತಿದ್ದೀರಿ, ಎರಡು ಹೆಜ್ಜೆ ಒಳಗೆ ಬರೋಕೆ ಆಗಲಿಲ್ಲ ನಿಮಗೆ."

ಮೇಷ್ಟ್ರು ಎಲ್ಲವನ್ನೂ ನಾನೇ ಸರಿಮಾಡುತ್ತೇನೆ ಎಂದು ಹೇಳಿ ನೇರ ಪ್ರೆಸ್ಸಿಗೆ ಹೋದರು.

ಕೆಡಿಸಿದಷ್ಟು ಸುಲಭವಾಗಿ ಸರಿಮಾಡಲು ಆಗುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಪ್ರೆಸ್ಸಿನ ಮ್ಯಾನೇಜರ್ ಸಮಾಧಾನವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಅಂದರೆ ಈಗ ನಿಮಗೆ ವಾಸನೆ, ರುಚಿ ಏನೂ ಗೊತ್ತಾಗಲ್ಲ?"

"ಹೌದು ಸ್ವಾಮಿ, ಅದನ್ನೇ ಹೇಳ್ತಿರೋದು."

"ಮತ್ತೆ ಅಲ್ಲಿ ಕಾಫಿ ಚೆನ್ನಾಗಿದೆ ಅಂತ ಹೇಗೆ ಹೇಳ್ತೀರಿ?"

ಮೇಷ್ಟ್ರಿಗೂ ಅದು ಹೌದೆನಿಸಿತು. ನಾನು ಕೆಟ್ಟದೆಂದದ್ದು ಸುಳ್ಳು ಎಂದರೆ, ಒಳ್ಳೆಯದೆನ್ನುವುದು ಮಾತ್ರ ಹೇಗೆ ನಿಜ? ಮ್ಯಾನೇಜರ್ ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಅದೇ ಹೆಚ್ಚು ಉರಿಸಿತು. ಬೀದಿಯಲ್ಲಿ ಯಾರಿಗೆ ಹೇಳಹೋದರೂ ಇದೇ ಪಾಡು. ಕೆಲವರು ಅಯ್ಯೋ ಪಾಪ ಎಂದು ಮನೆಮದ್ದು ಹೇಳಿಕೊಟ್ಟರು. ಕೆಲವರು ಅಕ್ಕನ ಮೇಲಿನ ಕನಿಕರಕ್ಕೆ ಮೇಷ್ಟ್ರು ಕಥೆ ಕಟ್ಟುತ್ತಿದ್ದಾರೆಂದು ನಕ್ಕರು. ಚರಟ ಕುದಿಸಿದ ಸುದ್ದಿ ಯಾರ ಕಾಲೂ ಹಿಡಿಯದೆ ಊರು ಸುತ್ತಿತ್ತು. ಮೂಗು ಹೋದ ಈ ಸುದ್ದಿಗೆ ಮೇಷ್ಟ್ರು ತಮ್ಮ ಕಾಲು ಸವೆಸಿದರೂ ಅದು ಮುಂದಿನ ಮನೆ ದಾಟಲಿಲ್ಲ.

ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಎಂದು ಕೂತಿದ್ದಾಗ ವಾಚಿನವನು ಬಂದ. ತುಕ್ಕಿನ ಮಾತನ್ನು ಅವನು ಮರೆತಿರಲಿಲ್ಲ, ಆದರೂ ಬಂದ. "ಲೋ, ನಿನ್ನ ಮಾತು ಯಾರಿಗೆ ಬೇಕೋ? ಬಾಯಿ ಮುಚ್ಚಿಕೊಂಡು ಕಾಫಿ ಕುಡಿಸು" ಅಂದ.

ಮೇಷ್ಟ್ರು ಹಾಗೇ ಮಾಡಿದರು. ಮೆಟ್ಟಿಲಂಗಡಿಯಲ್ಲಿ ಫ್ಲಾಸ್ಕು ತುಂಬಿಸಿಕೊಂಡು, ಸಿದ್ಧವಾದ ಸೆಟ್ಟುಗಳ ಜೊತೆ ಕ್ಲಿನಿಕ್ಕಿಗೆ ಒಯ್ದರು. ಎಲ್ಲಿಯದೆಂದು ಹೇಳದೆ ಡಾಕ್ಟರಮ್ಮನಿಗೂ ನರ್ಸಿಗೂ ಬಗ್ಗಿಸಿ ಕೊಟ್ಟರು. ಮರುದಿನವೂ ಒಯ್ದರು. ಕೆಲವು ದಿನ ಕಳೆದ ಮೇಲೆ ಡಾಕ್ಟರಮ್ಮನೇ, ಇದನ್ನು ಎಲ್ಲಿಂದ ತರುತ್ತೀರಿ, ಅಲ್ಲಿಂದಲೇ ತರಿಸೋಣ ಎಂದರು. ಹೆಸರು ಕೇಳಿ ಅವರ ಮುಖ ಸ್ವಲ್ಪ ಕೆಂಪಾಯಿತು. ಆ ವಾರವೇ ಕ್ಲಿನಿಕ್ಕಿನ ಫ್ಲಾಸ್ಕು ಕಪಾಟಿನಿಂದ ಕೆಳಗಿಳಿಯಿತು. ಕಾಯುವ ರೋಗಿಗಳ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಬೆಂಚುಗಳಲ್ಲಿ ಮತ್ತೆ ಜನ ಕಾಣಿಸಿಕೊಂಡರು, ಮೊದಲಿನಷ್ಟಲ್ಲ. ಪ್ರೆಸ್ಸಿನವರು ಮಾತ್ರ ಬರಲೇ ಇಲ್ಲ. ಮ್ಯಾನೇಜರ್ ಎದುರು ಸಿಕ್ಕಾಗಲೆಲ್ಲ, ಮೂಗು ಹೇಗಿದೆ ಮೇಷ್ಟ್ರೇ ಎಂದು ವಿಚಾರಿಸುತ್ತಿದ್ದರು. ಅದಕ್ಕೆ ಹಲ್ಲು ಕಚ್ಚಿಕೊಂಡು ಉತ್ತರ ಹೇಳಬೇಕಾಗುತ್ತಿತ್ತು.

ಮೂಗು ಬಂತು. ಆದರೆ ಬಂದ ರೀತಿಗೆ ಬರದಿದ್ದರೇ ವಾಸಿಯಿತ್ತು. ಒಂದು ದಿನ ಮೆಟ್ಟಿಲಂಗಡಿಯಲ್ಲಿ ಲೋಟ ಎತ್ತಿದವರಿಗೆ ಇದ್ದಕ್ಕಿದ್ದಂತೆ ಸುಟ್ಟ ರಬ್ಬರಿನ ವಾಸನೆ ಗಪ್ಪೆಂದು ಹೊಡೆಯಿತು. ಸುತ್ತ ನೋಡಿದರು. ಏನೂ ಸುಡುತ್ತಿರಲಿಲ್ಲ. ಲೋಟವನ್ನು ಮತ್ತೆ ಹತ್ತಿರ ತಂದರು. ಕಾಫಿಯೇ ನಾರುತ್ತಿತ್ತು. ಸೋಪು ಸೋಪಿನ ಹಾಗೆ, ಬೆಳ್ಳುಳ್ಳಿ ಬೆಳ್ಳುಳ್ಳಿಯ ಹಾಗೆ ಮರಳಿ ಬರತೊಡಗಿದವು, ಕಾಫಿಯೊಂದೇ ರಬ್ಬರಾಗಿ ಉಳಿಯಿತು. ವಾಸನೆ ಮರಳುವಾಗ ಹೀಗೆ ಸೊಟ್ಟಗೆ ಬರುವುದುಂಟು, ನೇರವಾದರೂ ಆಗಬಹುದು, ಕಾಯಿರಿ ಎಂದು ಡಾಕ್ಟರು ಹೇಳಿದರು. ಕಾಯುವುದು ಅವರಿಗೇನು, ಅವರು ಚಹಾ ಕುಡಿಯುವವರು ಎಂದು ಮೇಷ್ಟ್ರು ದಾರಿಯುದ್ದಕ್ಕೂ ಹೆಂಡತಿಯ ಹತ್ತಿರ ಗೊಣಗಿದರು.

ಈಗಲೂ ಮೇಷ್ಟ್ರು ಕೆಲಸದ ನಡುವೆ ಎದ್ದು ಮೆಟ್ಟಿಲಿಳಿದು ಹೋಗುತ್ತಾರೆ. ಗೋಡೆ ಪಕ್ಕದ ಜಾಗ ಯಾರೋ ಹೊಸಬರದಾಗಿದೆ, ಆದ್ದರಿಂದ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಾರೆ. ಕಾಫಿ ಇನ್ನೂ ರಬ್ಬರೇ ಎಂದು ಗೊತ್ತಿರುವ ಅಕ್ಕ ಕೇಳದೆಯೇ ಒಂದು ಲೋಟ ಬಿಸಿ ಹಾಲು ತಂದಿಡುತ್ತಾರೆ. ಪಕ್ಕದಲ್ಲಿ ವಾಚಿನವನು ಸೊರ್ರೆಂದು ಕಾಫಿ ಹೀರುತ್ತಾ, ಹಾಲು ಕುಡಿದು ಬೇಗ ದೊಡ್ಡವನಾಗು ಎಂದು ಬೆನ್ನು ಸವರುತ್ತಾನೆ. ಮೊನ್ನೆ ಹೊಸ ಗಿರಾಕಿಯೊಬ್ಬರು ಮೇಷ್ಟ್ರ ಕಡೆ ಬಾಗಿ, ಇಲ್ಲಿ ಕಾಫಿ ಹೇಗಿರುತ್ತೆ ಎಂದು ಕೇಳಿದರು. ಒಲೆಯ ಹತ್ತಿರ ಅಕ್ಕನ ಕೈ ಒಂದು ಕ್ಷಣ ನಿಂತಿತು.

"ನನ್ನ ಕೇಳಬೇಡಿ" ಎಂದರು ಮೇಷ್ಟ್ರು. "ಕುಡಿದು ನೀವೇ ಹೇಳಿ."

ಗಿರಾಕಿ ಕುಡಿದು ತಲೆದೂಗಿ, ಇನ್ನೊಂದು ಕೊಡಿ ಎಂದರು. ಮೇಷ್ಟ್ರು ಮುಖ ಆಚೆ ತಿರುಗಿಸಿ, ಕೆನೆ ಕಟ್ಟಿದ ಹಾಲನ್ನು ಊದಿ ಊದಿ ಕುಡಿದರು.